ಅತ್ತಿಗೆ ಸಿಕ್ಕಿಸಿದ ಬೆಣೆ

ಅತ್ತಿಗೆ-ನಾದಿನಿ ಅಂದರೆ ಎಣ್ಣೆ-ಸೀಗೇಕಾಯಿ ಅನ್ನುತ್ತಾರೆ. ಇವರಿಬ್ಬರ ಮಟ್ಟಿಗೆ ಆ ಮಾತು ಸುಳ್ಳಾಗಿತ್ತು. ಶನಿವಾರ ಬಂತೆಂದರೆ ಅತ್ತಿಗೆ ಬೇಕರಿಯ ಒಲೆಯನ್ನು ಗಂಡನಿಗೆ ಒಪ್ಪಿಸಿ, ನಾದಿನಿ ತನ್ನ ಕನ್ನಡಕದ ಅಂಗಡಿಗೆ ಬೀಗ ಜಡಿದು, ಇಬ್ಬರೂ ಹಳೇ ವ್ಯಾನು ಹತ್ತಿ ಬೆಟ್ಟದ ಕಡೆ ಹೊರಟುಬಿಡುತ್ತಿದ್ದರು. ಮೂವತ್ತು ದಾಟಿದರೂ ನಾದಿನಿ ಮನೆಯವರಿಗೆಲ್ಲ ಪುಟ್ಟಿಯೇ. "ಇವಳನ್ನ ಅಮ್ಮ ಹೆತ್ತಳು, ಅತ್ತಿಗೆ ಹತ್ತಿಸಿದಳು" ಎಂದು ಅಣ್ಣ ತಮಾಷೆ ಮಾಡುತ್ತಿದ್ದ.

ಅವರು ಹತ್ತುತ್ತಿದ್ದ ಬಂಡೆಗಳಲ್ಲಿ ಮೊದಲೇ ಹೊಡೆದಿಟ್ಟ ಗೂಟ, ಬಳೆ ಏನೂ ಇರುತ್ತಿರಲಿಲ್ಲ. ಮುಂದೆ ಹತ್ತುವವರು ಬಿರುಕು ಹುಡುಕಿ, ಅದಕ್ಕೆ ಹೊಂದುವ ಲೋಹದ ಬೆಣೆ ಸಿಕ್ಕಿಸಿ, ಅದರ ಕೊಂಡಿಗೆ ಹಗ್ಗ ಹಾಕಿಕೊಂಡು ಮೇಲೇರಬೇಕು. ಬಿದ್ದರೆ ಆ ಬೆಣೆಯೇ ದಿಕ್ಕು. ಹಿಂದೆ ಬರುವವರು ಕೆಳಗೆ ಹಗ್ಗ ಹಿಡಿದು ನಿಂತು, ಆಮೇಲೆ ಅವನ್ನೆಲ್ಲ ಬಿಡಿಸಿಕೊಂಡು ಬರಬೇಕು. ಮುಂದೆ ಯಾವಾಗಲೂ ಅತ್ತಿಗೆ, ಹಿಂದೆ ಯಾವಾಗಲೂ ಪುಟ್ಟಿ.

ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಎತ್ತರದ ಬಂಡೆಯೊಂದರ ನೆತ್ತಿಯ ಹತ್ತಿರ ಬಂದಿದ್ದರು. ಇಬ್ಬರು ಮುದುಡಿ ಕೂರುವಷ್ಟು ಜಾಗವಿದ್ದ ಚಾಚಿನ ಮೇಲೆ ಪುಟ್ಟಿ ಬಂಡೆಗೆ ಕಟ್ಟಿಕೊಂಡು ನಿಂತಿದ್ದಳು. ತುದಿಗೆ ಇನ್ನೊಂದೇ ಹಗ್ಗದಷ್ಟು ದೂರ. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು.

"ಅತ್ತಿಗೆ, ಮೋಡ ನೋಡಿ."

"ನೋಡಿದೆ. ಅದಕ್ಕೇ ಬೇಗ ಹತ್ತುತ್ತಿರೋದು" ಎಂದು ಮೇಲಿನಿಂದ ದನಿ ಬಂತು.

ಆಮೇಲೆ ಸ್ವಲ್ಪ ಹೊತ್ತು ಹಗ್ಗ ಅಲುಗಲಿಲ್ಲ. ಅತ್ತಿಗೆ ಒಂದೇ ಬಿರುಕನ್ನು ತಡವುತ್ತಲೇ ಇದ್ದದ್ದು ಕೆಳಗಿನಿಂದ ಕಾಣುತ್ತಿತ್ತು. ಬೆಣೆ ಸಿಕ್ಕಿಸಿದಳು, ಹಗ್ಗ ಹಾಕಿದಳು, ಎರಡು ಹೆಜ್ಜೆ ಮೇಲಿಟ್ಟಳು. ಕಾಲು ಜಾರಿತು. ಹಗ್ಗ ಬಿಗಿಯುತ್ತಿದ್ದಂತೆ ಬೆಣೆ ಕಿತ್ತು ಬಂತು. ಹಗ್ಗದ ಎಳೆತಕ್ಕೆ ಪುಟ್ಟಿ ನಿಂತಲ್ಲಿಂದ ಯಾರೋ ಎತ್ತಿ ಒಗೆದ ಹಾಗೆ ಮೇಲಕ್ಕೆ ಹಾರಿ ಬಂಡೆಗೆ ಭುಜ ಬಡಿದುಕೊಂಡಳು. ಹಗ್ಗವನ್ನು ಮಾತ್ರ ಬಿಡಲಿಲ್ಲ. ಅತ್ತಿಗೆ ಅದಕ್ಕೂ ಕೆಳಗೆ ಹಾಕಿದ್ದ ಇನ್ನೊಂದು ಬೆಣೆ ಅವಳ ಜೀವ ಉಳಿಸಿತ್ತು.

ನಿಧಾನಕ್ಕೆ ಹಗ್ಗ ಬಿಟ್ಟು ಅತ್ತಿಗೆಯನ್ನು ಚಾಚಿಗೆ ಇಳಿಸಿಕೊಂಡಳು. ಬಲ ಮಣಿಕಟ್ಟು ತಿರುಗಬಾರದ ಕಡೆಗೆ ತಿರುಗಿತ್ತು. ಪುಟ್ಟಿ ತನ್ನ ತಲೆವಸ್ತ್ರದಿಂದ ಕೈಯನ್ನು ಎದೆಗೆ ಬಿಗಿದು ಕಟ್ಟಿದಳು. ಅತ್ತಿಗೆ ತುಟಿ ಕಚ್ಚಿಕೊಂಡು ಸಹಿಸಿದಳು.

"ಬೆಣೆ ಹೇಗೆ ಕಿತ್ಕೊಂಡು ಬಂತು? ನೀವು ಹಾಕಿದ್ದು ಯಾವತ್ತೂ ಕಿತ್ತಿಲ್ಲ."

ಅತ್ತಿಗೆ ಬಂಡೆಗೆ ತಲೆ ಆನಿಸಿದಳು. "ಕಾಣಿಸ್ಲಿಲ್ಲ ಪುಟ್ಟಿ."

"ಏನು ಕಾಣಿಸ್ಲಿಲ್ಲ?"

"ಬಿರುಕಿನ ಒಳಗೆ. ಹತ್ತಿರದ್ದು ಯಾವುದೂ ಸರಿಯಾಗಿ ಕಾಣ್ತಿಲ್ಲ, ಒಂದು ವರ್ಷ ಆಯ್ತು. ಬೆರಳಲ್ಲಿ ತಡವಿ ಅಂದಾಜಿನ ಮೇಲೆ ಹಾಕ್ತಿದ್ದೆ."

ಪುಟ್ಟಿ ಅತ್ತಿಗೆಯ ಕಣ್ಣನ್ನೇ ನೋಡಿದಳು. ಬೆಳಗಾದರೆ ಊರವರ ಕಣ್ಣು ನೋಡುವವಳು ತಾನು. ಬೇಕರಿಯಲ್ಲಿ ಅತ್ತಿಗೆ ಫೋನನ್ನು ಮಾರುದೂರ ಹಿಡಿದು ಓದುವುದನ್ನು ಕಂಡು ನಕ್ಕಿದ್ದಳೇ ಹೊರತು ಅದರಾಚೆ ಯೋಚಿಸಿರಲಿಲ್ಲ.

"ನಂಗೆ ಹೇಳೋಕೆ ಏನಾಗಿತ್ತು ಅತ್ತಿಗೆ?"

"ಹೇಳಿದ್ರೆ ನನ್ನನ್ನ ಮುಂದೆ ಹತ್ತೋಕೆ ಬಿಡ್ತಿದ್ದೆಯಾ?"

ಪುಟ್ಟಿ ಪಡುವಣದತ್ತ ತಿರುಗಿದಳು. ಮೋಡ ಪಕ್ಕದ ಶಿಖರವನ್ನು ನುಂಗಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಬಂದ ದಾರಿಯಲ್ಲಿ ಇಳಿಯೋಣವೆಂದರೆ ಅವರು ಬಂಡೆಯ ಹೊಟ್ಟೆಯನ್ನು ಅಡ್ಡಲಾಗಿ ದಾಟಿ ಬಂದಿದ್ದರು. ಇಲ್ಲಿಂದ ಹಗ್ಗ ಇಳಿಬಿಟ್ಟರೆ ಕೆಳಗಿನ ದೊಡ್ಡ ಟೊಳ್ಳಿನ ಮುಂದೆ ಗಾಳಿಯಲ್ಲಿ ನೇತಾಡುತ್ತಿತ್ತು. ನೆತ್ತಿ ತಲುಪಿದರೆ ಆಚೆ ಬದಿಯಲ್ಲಿ ಕಾಲುದಾರಿಯಿತ್ತು.

"ನೀನು ಮುಂದೆ ಹೋಗ್ಬೇಕು" ಎಂದಳು ಅತ್ತಿಗೆ.

ಪುಟ್ಟಿ ಮೀನ ಮೇಷ ಎಣಿಸಲಿಲ್ಲ. ಅತ್ತಿಗೆಯ ಸೊಂಟಪಟ್ಟಿಯಿಂದ ಬೆಣೆಗಳ ಗೊಂಚಲನ್ನು ಬಿಚ್ಚಿ ತನ್ನದಕ್ಕೆ ತೂಗುಹಾಕಿಕೊಂಡಳು. ಗಂಟು ಬಿಗಿದು, ಅಭ್ಯಾಸಬಲದಿಂದ, "ಸರಿ ಇದೆಯಾ ನೋಡಿ" ಎಂದಳು. ಅತ್ತಿಗೆ ಕಣ್ಣು ಕಿರಿದು ಮಾಡಿದಳು, ಆಮೇಲೆ ತಲೆಯಾಡಿಸಿದಳು. "ಯಾರನ್ನ ಕೇಳ್ತಿದೀಯ ನೋಡು." ಪುಟ್ಟಿ ತಾನೇ ಇನ್ನೊಂದು ಸಲ ನೋಡಿಕೊಂಡಳು.

ಹೊರಡುವ ಮುಂಚೆ ಕೇಳಿದಳು: "ಬಿದ್ರೆ ಹಿಡಿತೀರಾ?"

"ಇರೋದು ಒಂದು ಕೈ. ಅದನ್ನ ಹಗ್ಗದಿಂದ ತೆಗೆಯಲ್ಲ, ನಿಂಗೆ ಹಗ್ಗ ಬೇಕಾದಾಗ ಹಲ್ಲಲ್ಲಿ ಎಳೆದು ಸಡಿಲ ಬಿಡ್ತೀನಿ. ಹಿಡಿಬಹುದು. ಖಂಡಿತ ಅಂತ ಹೇಳಲ್ಲ."

ಸುಳ್ಳು ಧೈರ್ಯ ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಕಿವಿಗೆ ಬೇರೇನೂ ಬೀಳದಷ್ಟು ಮನಸ್ಸು ಬಂಡೆಗೆ ಅಂಟಿಕೊಂಡಿತು.

ಮೊದಲ ಬೆಣೆ ಕೈಗೆತ್ತಿಕೊಂಡಳು. ಬೆಣೆ ಹಾಕುವುದು ಅವಳಿಗೆ ಗೊತ್ತಿರಲಿಲ್ಲ, ಬಿಡಿಸುವುದು ಗೊತ್ತಿತ್ತು. ಸುಲಭಕ್ಕೆ ಬಿಡದೆ ತನ್ನಿಂದ ಅತ್ತಿಗೆಗೆ ಬೈಗುಳ ತಿನ್ನಿಸಿದ್ದ ಬೆಣೆಗಳನ್ನೆಲ್ಲ ನೆನೆದಳು. ಅವು ಬಿರುಕು ಕೆಳಗೆ ಕಿರಿದಾಗುವಲ್ಲಿ, ಮೇಲಿನಿಂದ ಇಳಿದು, ಎರಡೂ ಕೆನ್ನೆ ಬಂಡೆಗೆ ತಾಗಿ ಕೂತಿರುತ್ತಿದ್ದವು. ಹಾಗೇ ಕೂರಿಸಿದಳು. ಜಗ್ಗಿದಳು. ಅಲುಗಲಿಲ್ಲ.

ಅತ್ತಿಗೆಯನ್ನು ಉಳಿಸಿದ ಬೆಣೆ ದಾಟಿ, ಕಿತ್ತುಬಂದದ್ದು ಇದ್ದ ಜಾಗಕ್ಕೆ ಬರುವಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ಕಿತ್ತ ಬೆಣೆ ಬಂಡೆಯ ಮೇಲೆ ಬಿಳಿ ಗೀರು ಎಳೆದಿತ್ತು. ಹೊರಗಿನಿಂದ ಅಚ್ಚುಕಟ್ಟಾದ ಬಿರುಕು, ಆದರೆ ಒಳಗೆ ಒಂದು ಬೆರಳಿನಾಚೆ ಬಾಯಿ ಅಗಲಿಸಿಕೊಂಡಿತ್ತು. ಕಾಣದವರಿಗೆ ಅದು ಉರುಳೇ ಸರಿ. ಅವಳು ಎಡಕ್ಕೆ ಕೈಚಾಚಿ ಹುಡುಕಿದಳು. ಉಗುರಿನಷ್ಟು ಸಣ್ಣ ಸೀಳು ಸಿಕ್ಕಿತು. ಇದ್ದುದರಲ್ಲೇ ಚಿಕ್ಕ ಬೆಣೆ ತೆಗೆದಳು. ಒದ್ದೆ ಬೆರಳಿಂದ ಅದು ಜಾರಿ, ಬಂಡೆಗೆ ಬಡಿದು ಸದ್ದು ಮಾಡುತ್ತ ಕೆಳಗೆ ಹೋಯಿತು.

ಅವಳು ಬೆರಳನ್ನು ಅಂಗಿಗೆ ಒರೆಸಿಕೊಂಡಳು.

"ಏನು ಬಿತ್ತು?" ಎಂದಳು ಅತ್ತಿಗೆ.

"ಚಿಕ್ಕದು."

"ಅದರ ಮುಂದಿನ ಅಳತೆಯದು ನೋಡು. ಓರೆಯಾಗಿ ಹೋಗುತ್ತಾ?"

ಹೋಯಿತು, ಅರ್ಧ. ಪೂರ್ತಿ ನಂಬುವಂತಿರಲಿಲ್ಲ, ಬಿಟ್ಟು ಹೋಗುವಂತೆಯೂ ಇರಲಿಲ್ಲ. ಹಗ್ಗ ಹಾಕಿ, ಕಾಲನ್ನು ಒದ್ದೆ ಉಬ್ಬಿನ ಮೇಲೆ ಒತ್ತಿ, ಉಸಿರು ಬಿಗಿಹಿಡಿದು ಎದ್ದಳು. ಕಾಲು ನಿಂತಿತು. ಇನ್ನೊಮ್ಮೆ ಎದ್ದಳು. ಕೈಗೆ ಹಿಡಿ ತುಂಬುವಂಥ ಅಂಚು ಸಿಕ್ಕಿತು, ಅದರಾಚೆ ಹುಲ್ಲು.

ನೆತ್ತಿಯ ಗುಂಡುಕಲ್ಲಿಗೆ ಪಟ್ಟಿ ಸುತ್ತಿ, ಹಗ್ಗ ಬಿಗಿಹಿಡಿದು ಅತ್ತಿಗೆಯನ್ನು ಮೇಲಕ್ಕೆ ತಂದದ್ದು ಹತ್ತಿದ್ದಕ್ಕಿಂತ ದೊಡ್ಡ ಶ್ರಮ. ಅತ್ತಿಗೆ ಕಾಲಲ್ಲೂ ಒಂದೇ ಕೈಯಲ್ಲೂ ಬಂದಳು. ಅಂಚಿಗೆ ಬಂದಾಗ ಮುಖ ಹಿಟ್ಟಿನಷ್ಟು ಬೆಳ್ಳಗಿತ್ತು. ಬಿಡಿಸಲು ಆಗದೆ ಬೆಣೆಗಳೆಲ್ಲ ಬಂಡೆಯಲ್ಲೇ ಉಳಿದವು.

ಕಾಲುದಾರಿಯಲ್ಲಿ ಅರ್ಧ ಇಳಿದ ಮೇಲೆ ಪುಟ್ಟಿಗೆ ಸಿಟ್ಟು ಉಕ್ಕಿತು. "ಆ ಹಗ್ಗದಲ್ಲಿ ನನ್ನ ಜೀವಾನೂ ಇತ್ತು ಅತ್ತಿಗೆ."

"ಹೌದು."

"ಅಷ್ಟೇನಾ?"

"ಇನ್ನೇನು ಹೇಳಿದ್ರೂ ಸಬೂಬು ಆಗುತ್ತೆ. ಬೈಯಿ, ಕೇಳ್ತೀನಿ."

ಪುಟ್ಟಿ ಜಾರುವ ಕಡೆ ಅತ್ತಿಗೆಯ ತೋಳು ಹಿಡಿದು ನಡೆಸಿದಳು.

ಸಂಜೆ ಅಣ್ಣ ಬೇಕರಿಯ ಏಪ್ರನ್‌ನಲ್ಲೇ ಆಸ್ಪತ್ರೆಗೆ ಓಡಿಬಂದ. "ಏನಾಯ್ತು?"

"ಅತ್ತಿಗೆ ಕಾಲು ಜಾರಿತು ಅಣ್ಣ" ಎಂದಳು ಪುಟ್ಟಿ.

"ಕಾಲು ಜಾರಿದ್ದು ಆಮೇಲೆ" ಎಂದಳು ಅತ್ತಿಗೆ. "ನಂಗೆ ಕಣ್ಣು ಕಾಣ್ತಿರ್ಲಿಲ್ಲ, ಮುಚ್ಚಿಟ್ಟಿದ್ದೆ. ನಿಮ್ಮ ತಂಗಿ ನನ್ನ ಎಳ್ಕೊಂಡು ಬಂದ್ಲು."

ಅಣ್ಣ ಒಮ್ಮೆ ಹೆಂಡತಿಯ ಮುಖ, ಒಮ್ಮೆ ತಂಗಿಯ ಮುಖ ನೋಡಿದ. ಮಂಚದ ಕಾಲಬುಡದಲ್ಲಿ ಕೂತು ಹೆಂಡತಿಯ ಒದ್ದೆ ಬೂಟಿನ ಲಾಡಿ ಬಿಚ್ಚತೊಡಗಿದ.

ಪುಟ್ಟಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಫೋನು ತೆಗೆದು, ನಾಳೆ ಅಂಗಡಿಯಲ್ಲಿ ಮೊದಲು ನೋಡಬೇಕಾದ ಕಣ್ಣು ಅತ್ತಿಗೆಯದು ಎಂದು ಬರೆದಿಟ್ಟುಕೊಂಡಳು.