ಹೊಲದ ಮೇಲೆ ಬರೆದ ದವಾಖಾನೆ

“ಮಾಳಿಗಿ ಎಲ್ಲಿ ಹೋತ್ರಿ ಬಾಯಾರ?”

ಕರಬಸಪ್ಪಗೌಡರು ದವಾಖಾನೆಯ ಹೊಸ ನಕ್ಷೆಯನ್ನು ಪಡಸಾಲೆಯ ಜಮಖಾನೆಯ ಮೇಲೆ ಹರವಿ, ಸುರುಳಿ ಸುತ್ತದಂತೆ ಒಂದು ಕಡೆ ತಂಬಿಗೆ, ಇನ್ನೊಂದು ಕಡೆ ಎಲೆಯಡಿಕೆ ತಟ್ಟೆ ಇಟ್ಟು, ಮತ್ತೆ ಮತ್ತೆ ನೋಡುತ್ತಿದ್ದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಹಳೆಯ ನಕ್ಷೆ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಎರಡಂತಸ್ತು, ಸಾಲುಕಂಬ, ಆಳೆತ್ತರದ ಗಾಜಿನ ಕಿಟಕಿಗಳು. ಮುಂದೆ ಒಂದು ಮೋಟಾರು ಬೇರೆ ನಿಂತಿತ್ತು. ಸವಣೂರಿನಿಂದ, ಬಂಕಾಪುರದಿಂದ ಬಂದ ಬೀಗರಿಗೆಲ್ಲ ಗೌಡರು ಅದನ್ನು ತೋರಿಸಿ, “ವಿಲಾಯತಿ ಹುಡುಗರು ಬರದದ್ದು. ಹತ್ತಿಮತ್ತೂರಾಗ, ನಮ್ಮ ಹೊಲದಾಗ ಏಳೂದೈತಿ” ಎಂದು ಮೀಸೆಯಲ್ಲೇ ನಗುತ್ತಿದ್ದರು.

“ಮಾಳಿಗಿ ಬ್ಯಾಡಂತ ನಾನ ಬರದು ಹೇಳೀನ್ರಿ ಗೌಡ್ರ,” ಅಂದರು ಡಾಕ್ಟರ್ ಭಾಗೀರಥಿಬಾಯಿ.

ಗೌಡರು ತಲೆಯೆತ್ತಿ ನೋಡಿದರು. ನೋಡಿದ ರೀತಿಯಲ್ಲೇ ಭಾಗೀರಥಿಬಾಯಿಗೆ ತಿಳಿಯಿತು, ದವಾಖಾನೆಗೆಂದು ಅವರು ಕೊಡಲೊಪ್ಪಿದ ಹೊಲ ಕೈ ತಪ್ಪುವ ಹಾಗಿದೆ.

ಸವಣೂರಿನ ಪಂಡಿತರ ಮನೆಯ ಮಗಳು ಅವರು. ಮುಂಬಯಿಯಲ್ಲಿ ಡಾಕ್ಟರಿಕೆ ಓದಿ, ಅಲ್ಲೇ ನಿಲ್ಲೆಂದವರ ಮಾತು ಕೇಳದೆ ಬಂದು, ಹತ್ತಿಮತ್ತೂರಿನ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ದವಾಖಾನೆ ತೆರೆದಿದ್ದರು. ಮಳೆಗಾಲದಲ್ಲಿ ಗೋದಾಮು ಸೋರುತ್ತಿತ್ತು. ರೋಗಿಗಳನ್ನು ಹಾಸಿಗೆಯ ಸಮೇತ ಒಣ ಜಾಗಕ್ಕೆ ಎಳೆಯಬೇಕಾಗುತ್ತಿತ್ತು. ಮುಂಬಯಿಯ ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿದ್ದಳು. ಅವಳ ಗಂಡ ಅಲ್ಲಿಯ ಕಾಲೇಜೊಂದರಲ್ಲಿ ಕಟ್ಟಡ ಕಟ್ಟುವ ವಿದ್ಯೆ ಕಲಿಸುವವನು. ಈ ಗೋದಾಮಿನ ಸಂಗತಿ ಕೇಳಿ, ಹೊಸ ದವಾಖಾನೆಯ ನಕ್ಷೆ ಬರೆಯುವುದನ್ನೇ ತನ್ನ ವಿದ್ಯಾರ್ಥಿಗಳಿಗೆ ಪಾಠವಾಗಿ ಕೊಟ್ಟ. ಗೌಡರ ಗೋಡೆಯ ಮೇಲಿದ್ದದ್ದು ಅವರ ಮೊದಲ ನಕ್ಷೆ. ಅದು ಬಂದ ದಿನ ಭಾಗೀರಥಿಬಾಯಿಯೂ ಹಿಗ್ಗಿದ್ದರು.

ಆಮೇಲೊಂದು ಮಧ್ಯಾಹ್ನ ಹಳ್ಳಿಯಿಂದ ಬಸುರಿಯೊಬ್ಬಳನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ ಹೊತ್ತು ತಂದರು. ಗೋದಾಮಿನ ಮೆಟ್ಟಿಲು ಏರುವಾಗ ಹೊರಸು ವಾಲಿತು, ಹೊತ್ತವರು ತತ್ತರಿಸಿದರು, ಆಕೆ ಕಿಟಾರನೆ ಚೀರಿದಳು. ಆ ಸಂಜೆ ನಕ್ಷೆ ತೆಗೆದು ನೋಡಿದರೆ, ಹೆರಿಗೆಯ ಕೋಣೆ ಇದ್ದದ್ದು ಮಾಳಿಗೆಯ ಮೇಲೆ.

ಪುಕ್ಕಟೆಯಾಗಿ ಬರೆದುಕೊಟ್ಟವರಿಗೆ ಬೇಡ ಎನ್ನುವುದು ಹೇಗೆ? ಅಳುಕುತ್ತಲೇ ಬರೆದರು. ಕರೆಂಟು ಬಾರದ ಊರಿದು, ನೀರು ಮೇಲೆ ಏರುವುದಿಲ್ಲ, ಹೊರಸು ಏರುವುದಿಲ್ಲ. ಹುಡುಗರು ಸಿಟ್ಟಾಗಲಿಲ್ಲ. ಬದಲಿಗೆ ತಿರುಗಿ ಕೇಳಿದರು: ನಿಮ್ಮಲ್ಲಿ ರೋಗಿಗಳು ಬರುವುದು ಹೇಗೆ? ಜೊತೆಗೆ ಯಾರು ಬರುತ್ತಾರೆ, ಎಲ್ಲಿ ಉಣ್ಣುತ್ತಾರೆ? ಹೆಂಗಸರು ಎಲ್ಲಿ ಕೂಡುತ್ತಾರೆ?

ಉತ್ತರ ಬರೆಯಲು ಭಾಗೀರಥಿಬಾಯಿಗೆ ಮೊದಮೊದಲು ನಾಚಿಕೆಯೆನಿಸಿತು. ಒಬ್ಬ ರೋಗಿಯ ಹಿಂದೆ ಒಂದು ಬಂಡಿ ಜನ ಬರುವುದು, ಮೂರು ಕಲ್ಲು ಹೂಡಿ ಅಂಗಳದಲ್ಲೇ ರೊಟ್ಟಿ ಬಡಿಯುವುದು, ಎತ್ತುಗಳನ್ನು ಬಾಗಿಲಿಗೇ ಕಟ್ಟುವುದು. ಇದಕ್ಕೆಲ್ಲ ಅವರು ದಿನಾ ಜನರನ್ನು ಬೈಯುತ್ತಿದ್ದವರೇ. ಆದರೆ ಬರೆಯುತ್ತ ಹೋದಂತೆ ಅದು ಗಲೀಜಾಗಿ ಕಾಣದೆ, ಒಬ್ಬರನ್ನು ಒಂಟಿಯಾಗಿ ಬಿಡದ ಮಂದಿಯ ರೀತಿಯಾಗಿ ಕಂಡಿತು. ಒಂದನ್ನೂ ಮುಚ್ಚಿಡದೆ ಬರೆದರು. ಈಗ ಎರಡನೆಯ ನಕ್ಷೆಯಲ್ಲಿ ಸುತ್ತಲೂ ಪಡಸಾಲೆ ಇತ್ತು, ಒಲೆಗಳಿಗೆ ಸೂರು ಇತ್ತು, ಬಂಡಿ ಬಿಡುವ ಅಂಗಳವಿತ್ತು, ಹೊಲದ ಬೇವಿನ ಗಿಡವನ್ನು ಕಡಿಯದೆ ಉಳಿಸಿದ್ದರು. ಬಾಗಿಲ ಮುಂದಿನ ಇಳಿಜಾರಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಹೊರಸು’ ಎಂದೇ ಬರೆದಿದ್ದರು. ಅದನ್ನು ಓದಿದಾಗ ಭಾಗೀರಥಿಬಾಯಿಯ ಎದೆ ಉಬ್ಬಿತ್ತು.

ಗೌಡರಿಗೆ ಮಾತ್ರ ಅದೊಂದೂ ಬೇಕಾಗಿರಲಿಲ್ಲ. “ಇದು ದನದ ಕೊಟಗಿ ಹಂಗ ಕಾಣತೈತಿ,” ಎಂದು ತಂಬಿಗೆ ಎತ್ತಿದರು. ಕಾಗದ ತಾನಾಗಿಯೇ ಸುರುಳಿ ಸುತ್ತಿಕೊಂಡಿತು. “ಹುಬ್ಬಳ್ಳಿ ದವಾಖಾನಿ ಹಂಗ ಇರಬೇಕಂತ ಹೊಲಾ ಕೊಡಾಕ ಒಪ್ಪಿದ್ದೆ. ಇದಕ್ಕಾದ್ರ ಇಚಾರ ಮಾಡೂಣ್ರಿ.”

“ಸುಗ್ಗಿ ಮುಗದದ, ಹೊಲ ಖಾಲಿ ಅದ. ಒಂದ ದಿನದ ಮಟ್ಟಿಗೆ ನನಗ ಕೊಡ್ರಿ,” ಅಂದರು ಭಾಗೀರಥಿಬಾಯಿ. “ಆಮ್ಯಾಲೂ ನೀವು ಬ್ಯಾಡ ಅಂದ್ರ, ನಾ ಮತ್ತ ಕೇಳೂದಿಲ್ಲ.”

ಮರುದಿನ ಬೆಳಿಗ್ಗೆ ಅವರೂ ಕಂಪೌಂಡರ್ ಅಕ್ಬರಸಾಬನೂ ಹಗ್ಗ, ಗೂಟ, ಬುಟ್ಟಿಗಟ್ಟಲೆ ಸುಣ್ಣ ಹೊರಿಸಿಕೊಂಡು ಹೊಲಕ್ಕಿಳಿದರು. ಭಾಗೀರಥಿಬಾಯಿ ನಕ್ಷೆ ನೋಡಿ ಅಳತೆ ಹೇಳಿದರು, ಅಕ್ಬರಸಾಬ ಗೂಟ ಬಡಿದು ಹಗ್ಗ ಎಳೆದ, ಹಗ್ಗದ ಗುಂಟ ಸುಣ್ಣ ಸುರಿದ. ಬಿಸಿಲೇರುವ ಹೊತ್ತಿಗೆ ಎರೆಮಣ್ಣಿನ ಮೇಲೆ ಇಡೀ ದವಾಖಾನೆ ಬೆಳ್ಳಗೆ ಬಿದ್ದುಕೊಂಡಿತ್ತು. ಊರಿಗೆ ಊರೇ ನೋಡಲು ಬಂತು.

“ಗ್ವಾಡಿ ತುಳೀಬ್ಯಾಡ್ರೋ! ಬಾಗಲಾ ಐತೆಲ್ಲ, ಬಾಗಲದಿಂದ ಬರ್ರಿ,” ಎಂದು ಅಕ್ಬರಸಾಬ ಕೂಗುತ್ತಲೇ ಇದ್ದ. ನೇಕಾರ ಹೂವಪ್ಪ ಗಂಡಸರ ಪಡಸಾಲೆಯೆಂದು ಬರೆದ ಕಡೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚಿದ. “ದವಾಖಾನ್ಯಾಗ ಬೀಡಿ ಸೇದ್ತಾರೇನೋ?” ಎಂದು ಯಾರೋ ಅಂದರು. ಮಂದಿ ಘೊಳ್ಳೆಂದು ನಕ್ಕರೂ ಹೂವಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

ಗೌಡರು ಬಂದವರೇ ಗೆರೆಗಳನ್ನೆಲ್ಲ ದಾಟುತ್ತ ಒಳಗೆ ನಡೆದರು. ನಡುವೆ ನಿಂತು ಸುತ್ತ ನೋಡಿ, “ಹಾಳ್ಯಾಗ ಸಣ್ಣದ ಕಂಡಿತ್ತಲ್ರಿ,” ಅಂದರು.

ಅಷ್ಟರಲ್ಲಿ ಗೌಡರ ಹೆಂಡತಿ ಹುಚ್ಚವ್ವ ಬಸುರಿ ಸೊಸೆ ಸುಶೀಲವ್ವನನ್ನು ಕರೆದುಕೊಂಡು ಬಂದದ್ದು ಕಂಡಿತು. ಭಾಗೀರಥಿಬಾಯಿ ಬೆರಗಾದರು. ಗೋದಾಮಿನ ಬಾಗಿಲಿಗೇ ಗಂಡಸರು ಕೂಡುತ್ತಾರೆಂದು ಹುಚ್ಚವ್ವ ತಮ್ಮ ಮನೆಯ ಹೆಂಗಸರನ್ನು ಎಂದೂ ದವಾಖಾನೆಗೆ ಕಳಿಸಿದವರಲ್ಲ. ಸುಶೀಲವ್ವನ ಮೊದಲ ಹೆರಿಗೆಯಲ್ಲೂ ಹೇಳಿಕಳಿಸಿದ್ದು ಕೊನೆಯ ಗಳಿಗೆಯಲ್ಲಿ. ಕೂಸು ಉಳಿಯಲಿಲ್ಲ.

ಹುಚ್ಚವ್ವ ಗೆರೆಯ ಹೊರಗೇ ನಿಂತರು. “ಬಾಯಾರ, ಹೆಣ್ಮಕ್ಕಳ ಬಾಗಲಾ ಯಾಕಡೆ?”

“ಬೇವಿನ ಗಿಡದ ಆ ಕಡೆ ಅದರಿ, ಹುಚ್ಚವ್ವಾರ. ಗಂಡಸರ ಕಣ್ಣಿಗೆ ಬೀಳೂದಿಲ್ಲ.”

ಹುಚ್ಚವ್ವ ಸೊಸೆಯ ಕೈ ಹಿಡಿದು ಗೆರೆಯ ಗುಂಟ ಇಡೀ ದವಾಖಾನೆಯನ್ನು ಬಳಸಿ ನಡೆದರು. ಗಿಡದ ಹತ್ತಿರ ಚಪ್ಪಲಿ ಬಿಟ್ಟರು. ಸೆರಗು ಸರಿಮಾಡಿಕೊಂಡು, ತಮ್ಮ ಮನೆಯ ತಗ್ಗು ಬಾಗಿಲಿಗೆ ಬಗ್ಗುವಂತೆ ತುಸು ಬಗ್ಗಿ, ಒಳಗೆ ಬಂದರು. ಹೆರಿಗೆಯ ಕೋಣೆಯಲ್ಲಿ ಸುಶೀಲವ್ವನನ್ನು ಕೂಡಿಸಿ, ದನಿ ತಗ್ಗಿಸಿ ಕೇಳಿದರು: “ಇಲ್ಲಿ ಚೀರಿದ್ರ ಗಂಡಸರಿಗೆ ಕೇಳಸ್ತೈತೇನ್ರಿ?”

“ಇಲ್ರಿ. ನಡುವ ಎರಡು ಗ್ವಾಡಿ ಅವ. ಎಷ್ಟ ಬೇಕು ಅಷ್ಟು ಚೀರಬಹುದು.”

ಸುಶೀಲವ್ವ ಮಣ್ಣಿನ ಮೇಲೆ ಅಂಗೈ ಊರಿ, ಮುಖವೆತ್ತಿ ನಕ್ಕಳು. ಹುಚ್ಚವ್ವ ನಗಲಿಲ್ಲ.

“ಇದನ್ನ ಕಟ್ಟೂದರಾಗ ಇಕಿ ದಿನಾ ತುಂಬತಾವ್ರಿ,” ಅಂದರು. “ಈ ಸಲ ನಿಮ್ಮ ಗೋದಾಮಿಗೇ ಕರಕೊಂಡು ಬರ್ತೇನಿ. ಮುಂದಿಂದು ಇಲ್ಲೇ ಆಗ್ಲಿ.”

ಭಾಗೀರಥಿಬಾಯಿ ಕೈಯಲ್ಲಿದ್ದ ನಕ್ಷೆಯನ್ನು ನೀಟಾಗಿ ಸುತ್ತತೊಡಗಿದರು. ಬರೆದ ಹುಡುಗರು ಈಗ ಇಲ್ಲಿರಬೇಕಿತ್ತು ಅನ್ನಿಸಿತು.

ಹೆಂಡತಿಯ ಮಾತು ಗೌಡರ ಕಿವಿಗೂ ಬಿದ್ದಿತ್ತೇನೋ, ಅತ್ತ ಕಡೆಯಿಂದ ದಾಪುಗಾಲು ಹಾಕುತ್ತ ಬಂದವರು ಹೆರಿಗೆಯ ಕೋಣೆಯ ಗೆರೆ ದಾಟಲು ಕಾಲೆತ್ತಿದರು.

“ಅಲ್ಲಿ ಗ್ವಾಡಿ ಐತಿ,” ಅಂದರು ಹುಚ್ಚವ್ವ, ಅವರ ಕಡೆ ನೋಡದೆಯೇ.

ಎತ್ತಿದ ಕಾಲನ್ನು ಗೌಡರು ಹಿಂದಕ್ಕೆ ಇಳಿಸಿದರು. ಆಮೇಲೆ ಧೋತರದ ಚುಂಗು ಎತ್ತಿ ಹಿಡಿದು, ಸುಣ್ಣ ಅಳಿಸದಂತೆ ಹುಷಾರಾಗಿ ಹೆಜ್ಜೆಯಿಡುತ್ತ, ಗೆರೆಯ ಗುಂಟ ಬಾಗಿಲು ಹುಡುಕುತ್ತ ನಡೆದರು.