ಚೆಕ್ಕರಮ್ಮನ ಕೆಂಪು ಬಾಣ

ನಮ್ಮ ಬೀದಿಗೆ ಬೆಳಿಗ್ಗೆ ಆರು ಗಂಟೆಗೆ ನಲ್ಲಿ ನೀರು ಬರುತ್ತದೆ. ಬಂದ ದಿನ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಬಕೆಟ್ ತುಂಬಿಕೊಂಡು ಒಳಗೆ ಹೋಗುತ್ತೇವೆ. ಒಂದು ದಿನ ಆರೂವರೆ ಆಗಲಿ, ಆಗ ನೋಡಿ, ನೀರು ಬಿಡುವವನ ಏಳು ತಲೆಮಾರನ್ನೂ ಬೀದಿಗೆ ಎಳೆದು ತರುತ್ತೇವೆ. ನಾನೂ ಏನು ಕಡಿಮೆಯಿಲ್ಲ. ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಆದರೂ ಖಾಲಿ ಬಕೆಟ್ ಹಿಡಿದು ನಿಂತಾಗ ನನ್ನ ಬಾಯಿಗೆ ಬೀಗವಿಲ್ಲ. ಆದ್ದರಿಂದ ನಾನೇನೋ ಎತ್ತರದ ಪೀಠದಲ್ಲಿ ಕುಳಿತು ಬುದ್ಧಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಈಗ ಹೇಳಹೊರಟ ಪಾಠ ಕಲಿತವರಲ್ಲಿ ನಾನೂ ಒಬ್ಬಳು.

ಇದು ನಮ್ಮ ಮಹಡಿ ಮೇಲಿನ ಮನೆಯ ಕಥೆ. ಆ ಮನೆಯಲ್ಲಿ ನಾಲ್ಕು ಜನ: ಅತ್ತೆ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್. ಹಾಗಾಗಿ ಬೀದಿಗೆಲ್ಲ ಅವಳು ಚೆಕ್ಕರಮ್ಮ.

ಅವಳ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಮ್ಮೆ ಆ ಕಾರ್ಖಾನೆಯವರ ಬಿ.ಪಿ. ನೋಡಲು ಹೋಗಿದ್ದೆ. ಹೊಲಿದು ಬಂದ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ಹರಡುತ್ತಾಳೆ. ಕಾಲರು, ತೋಳು, ಗುಂಡಿ, ಅಂಚು ನೋಡುತ್ತಾಳೆ. ತಪ್ಪಿದ್ದ ಜಾಗಕ್ಕೆ ಉಗುರಿನಷ್ಟು ಚಿಕ್ಕ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತಾಳೆ. ಬಾಣ ಬಿದ್ದ ಅಂಗಿ ಹೊಲಿದವರ ಹತ್ತಿರ ವಾಪಸ್ ಹೋಗುತ್ತದೆ. ದಿನಕ್ಕೆ ಐದಾರು ನೂರು ಅಂಗಿ, ಒಂಬತ್ತು ಗಂಟೆ ನಿಂತೇ ಕೆಲಸ. ನಾನು ಕನ್ನಡಕ ಏರಿಸಿಕೊಂಡು ಹುಡುಕಿದರೂ ಕಾಣದ ಒಂದು ಬಿಟ್ಟ ಹೊಲಿಗೆಯನ್ನು ಅವಳ ಬೆರಳು ಕಣ್ಣಿಗಿಂತ ಮೊದಲೇ ಹಿಡಿಯುತ್ತಿತ್ತು. ಅಂಥ ಕೆಲಸಗಾತಿಯನ್ನು ನಾನು ಬೇರೆ ಕಂಡಿಲ್ಲ.

ತೊಂದರೆ ಎಂದರೆ, ಬಾಣಗಳ ಒಂದು ಹಾಳೆ ಅವಳ ಬ್ಯಾಗಿನಲ್ಲಿ ಮನೆಗೂ ಬರುತ್ತಿತ್ತು. ಸೋಪು ಉಳಿದ ತಟ್ಟೆಗೆ ಬಾಣ. ಮಗಳ ಪುಸ್ತಕದಲ್ಲಿ ವಾಲಿದ ಅಕ್ಷರಕ್ಕೆ ಬಾಣ. ಗಂಡ ಮೊಳೆ ಸೊಟ್ಟಗೆ ಹೊಡೆದರೆ ಗೋಡೆಗೇ ಬಾಣ.

“ನಾನು ಯಾರ ಮೇಲೂ ಬಾಯಿ ಮಾಡಲ್ಲ ನರ್ಸಕ್ಕ,” ಎನ್ನುತ್ತಿದ್ದಳು. “ಬಾಣ ಅಂಟಿಸಿ ಸುಮ್ಮನಾಗ್ತೀನಿ. ಜಗಳ ಇಲ್ಲ, ರಗಳೆ ಇಲ್ಲ.”

ಗಂಡ ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ ಹೇಳುತ್ತಿದ್ದ: “ನರ್ಸಕ್ಕ, ಆ ಮನೇಲಿ ನಾನೊಬ್ಬ ರಿಜೆಕ್ಟ್ ಪೀಸು.” ನಾವಿಬ್ಬರೂ ನಗುತ್ತಿದ್ದೆವು. ನಕ್ಕು ಬಿಟ್ಟುಬಿಟ್ಟೆವು ಎನ್ನುವುದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಗುರುವಾರ ಬೆಳಿಗ್ಗೆ ಅತ್ತೆ ಆರೋಗ್ಯ ಕೇಂದ್ರಕ್ಕೆ ಬಂದು ತೋಳು ಚಾಚಿದರು.

“ನನ್ನ ಬಿ.ಪಿ. ನೋಡಮ್ಮ. ಭಾನುವಾರ ಬಸ್ಸಲ್ಲಿ ಐದು ಗಂಟೆ ಕೂತ್ಕೋಬೇಕು.”

“ಎಲ್ಲಿಗಮ್ಮಾ ಸವಾರಿ?”

“ಮಗಳ ಮನೆಗೆ.”

“ಎಷ್ಟು ದಿನಕ್ಕೆ?”

“ಟ್ರಂಕ್ ತಗೊಂಡು ಹೋಗ್ತಿದ್ದೀನಿ,” ಎಂದರು. ಅದೇ ಉತ್ತರ.

ಬಿ.ಪಿ. ಏರಿತ್ತು. ಅದನ್ನು ಬರೆದುಕೊಳ್ಳುವಾಗ ನೋಡಿದೆ, ಅವರ ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ಬಿಡಿಸಿದರು. ಅಂಗೈಯಲ್ಲಿ ಒಂದು ಕೆಂಪು ಬಾಣ.

“ಮಗು ಸ್ಕೂಲ್ ಸ್ವೆಟರ್ ಮೊಣಕೈ ಹರಿದಿತ್ತು. ಎರಡು ಮಧ್ಯಾಹ್ನ ಕಿಟಕಿ ಹತ್ರ ಕೂತು ಹೊಲಿದೆ. ಈ ಕಣ್ಣಿಗೆ ಪೊರೆ ಬಂದಿದೆ, ನಿಂಗೇ ಗೊತ್ತಲ್ಲ. ಬೆಳಿಗ್ಗೆ ಎದ್ದು ನೋಡ್ತೀನಿ, ಹೊಲಿಗೆ ಮೇಲೆ ಇದು ಅಂಟಿದೆ.” ಬಾಣವನ್ನು ನನ್ನ ಮೇಜಿನ ಮೇಲಿಟ್ಟರು. “ಬೈದಿದ್ರೆ ನಾನೂ ಎರಡು ಮಾತು ಆಡ್ತಿದ್ದೆ. ಅಲ್ಲಿಗೆ ಮುಗೀತಿತ್ತು. ಬಾಣಕ್ಕೆ ಏನಂತ ಉತ್ತರ ಕೊಡ್ಲಿ?”

ಆ ಮಾತು ನನ್ನನ್ನು ಇಡೀ ದಿನ ಬಿಡಲಿಲ್ಲ. ಆ ಮನೆಯಲ್ಲಿ ಬೆಳಿಗ್ಗೆ ಮಗುವಿನ ತಲೆ ಬಾಚುವವರು ಯಾರು? ಸ್ಕೂಲಿನಿಂದ ಬಂದಾಗ ಬಾಗಿಲು ತೆಗೆಯುವವರು ಯಾರು? ಎಲ್ಲ ಆ ಅತ್ತೆಯೇ. ಅವರು ಹೋದರೆ ಮನೆಯ ನಡುಗಂಬವೇ ಹೋದಂತೆ. ಸಂಜೆ ನೇರವಾಗಿ ಮಹಡಿ ಹತ್ತಿದೆ.

ಚೆಕ್ಕರಮ್ಮ ಹಣೆಗೆ ಬಟ್ಟೆ ಬಿಗಿದುಕೊಂಡು ಇಸ್ತ್ರಿ ಮಾಡುತ್ತಿದ್ದಳು. ವಿಷಯ ಎತ್ತಿದ ಕೂಡಲೇ ಅಂದಳು: “ನೀಲಿ ಸ್ವೆಟರಿಗೆ ಕಂದು ದಾರ ಹಾಕಿದ್ದಾರೆ ನರ್ಸಕ್ಕ. ಮಗು ನಾಲ್ಕು ಜನರ ಮಧ್ಯೆ ಹಾಕ್ಕೊಂಡು ಹೋಗೋದು ಬೇಡ್ವಾ? ಇದ್ದಿದ್ದನ್ನ ಇದ್ದ ಹಾಗೆ ತೋರಿಸಿದೆ. ಅದಕ್ಕೆ ಟ್ರಂಕ್ ಕಟ್ತಾರಾ?”

“ಅದಿರಲಿ. ಹಣೆಗೇನು ಬಟ್ಟೆ?”

“ತಲೆನೋವು. ದಿನಾ ಇರೋದೇ.”

“ನಿದ್ದೆ?”

“ಅದರ ಮುಖ ನೋಡಿ ತಿಂಗಳಾಯ್ತು.”

“ನೋಡು,” ಎಂದೆ. “ಡಾಕ್ಟರಿಗೆ ತೋರಿಸೋಣ, ಅದು ಬೇರೆ. ಆದ್ರೆ ದಿನವಿಡೀ ತಪ್ಪು ಹುಡುಕೋ ಕಣ್ಣನ್ನ ಮನೆಗೂ ತಂದ್ರೆ ಅದಕ್ಕೆ ಬಿಡುವು ಯಾವಾಗ? ನಮಗೆ ತರಬೇತೀಲಿ ಒಂದು ಅಭ್ಯಾಸ ಹೇಳಿಕೊಟ್ಟಿದ್ರು. ದಿನಕ್ಕೊಂದು ಸಲ, ಇವತ್ತು ಯಾರಿಂದ ನನಗೇನು ಒಳ್ಳೇದಾಯ್ತು ಅಂತ ಮೂರು ವಿಷಯ ನೆನಪು ಮಾಡ್ಕೋಬೇಕು. ಆಮೇಲೆ ಅವರಿಗೆ ಬಾಯಿ ಬಿಟ್ಟು ಹೇಳ್ಬೇಕು.”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ನಕ್ಕಳು. “ಮನೆಯವರಿಗೆ ಥ್ಯಾಂಕ್ಸಾ? ಅವರೇನು ಬಸ್ಸಲ್ಲಿ ಸೀಟ್ ಬಿಟ್ಟುಕೊಟ್ಟ ಅಪರಿಚಿತರಾ? ಮಾಡೋ ಕೆಲಸ ಮಾಡ್ತಾರೆ. ನಾನೂ ಮಾಡ್ತೀನಿ. ನನಗ್ಯಾರು ಹೇಳ್ತಾರೆ?”

ಕೊನೆಯ ಮಾತು ಹೇಳುವಾಗ ದನಿ ಸ್ವಲ್ಪ ಇಳಿದಿತ್ತು. ಅದು ನನಗೆ ಕೇಳಿಸಿತು.

“ಎರಡೇ ದಿನ ಮಾಡಿ ನೋಡು. ನನಗೋಸ್ಕರ.”

“ನಿಮಗೋಸ್ಕರ ಅಂದ್ರೆ ಸರಿ,” ಎಂದಳು. ಮುಖ ಮಾತ್ರ ಕಹಿ ಔಷಧಿ ಕುಡಿದವರ ಹಾಗಿತ್ತು.

ಶುಕ್ರವಾರ ಏನಾಯಿತು ಎಂದು ಅವಳ ಗಂಡನೇ ನನಗೆ ವರದಿ ಕೊಟ್ಟ. ತಿಂಡಿ ತಟ್ಟೆ ಮುಂದೆ ಬಂದಾಗ, “ಥ್ಯಾಂಕ್ಸ್.” ನೀರು ಕೊಟ್ಟಾಗ, “ಥ್ಯಾಂಕ್ಸ್.” ಬಾಗಿಲು ತೆಗೆದಾಗಲೂ, “ಥ್ಯಾಂಕ್ಸ್.” ಗಂಡ ಇವಳಿಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದನಂತೆ. ಅತ್ತೆ ಮಾತ್ರ ನಗಲಿಲ್ಲ. “ನಾನು ಹೊರಡ್ತೀನಿ ಅಂತ ಇಷ್ಟೊಂದು ಖುಷಿನಾ?” ಎಂದು ಕೇಳಿ, ಟ್ರಂಕಿನಲ್ಲಿ ಇನ್ನೆರಡು ಸೀರೆ ಇಟ್ಟರಂತೆ.

ಶನಿವಾರ ಸಂಜೆ ಚೆಕ್ಕರಮ್ಮ ನನ್ನನ್ನು ಮೆಟ್ಟಿಲಲ್ಲೇ ಹಿಡಿದಳು. “ನಿಮ್ಮ ಮಾತು ಕೇಳಿ ಇದ್ದಿದ್ದೂ ಕೆಟ್ಟು ಹೋಯ್ತು! ನಾಳೆ ಬೆಳಿಗ್ಗೆ ಎಂಟಕ್ಕೆ ಬಸ್ಸು. ಮಗಳು ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿಲ್ಲ.” ಕಣ್ಣು ತುಂಬಿತ್ತು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅರ್ಧ ತಪ್ಪು ನನ್ನದು. ಔಷಧಿ ಕೊಟ್ಟಿದ್ದೆ, ತೆಗೆದುಕೊಳ್ಳುವ ರೀತಿ ಹೇಳಿರಲಿಲ್ಲ.

“ನಿನ್ನ ಕಾರ್ಖಾನೇಲಿ ಒಂದು ಅಂಗಿ ಕೆಟ್ಟಿದ್ರೆ, ‘ಅಂಗಿ ಸರಿಯಿಲ್ಲ’ ಅಂತ ಹೇಳಿ ವಾಪಸ್ ಕಳಿಸ್ತೀಯಾ?” ಎಂದು ಕೇಳಿದೆ.

“ಹಾಗೆ ಕಳಿಸಿದ್ರೆ ಹೊಲಿದವಳಿಗೆ ಏನು ತಿಳಿಯುತ್ತೆ? ಎಲ್ಲಿ, ಯಾವ ಹೊಲಿಗೆ ಅಂತ ಬಾಣ ಇಟ್ಟೇ ತೋರಿಸ್ಬೇಕು.”

“ಮತ್ತೆ ಒಳ್ಳೇದಕ್ಕೆ ಯಾಕೆ ಬರೀ ‘ಥ್ಯಾಂಕ್ಸ್’? ಅದಕ್ಕೂ ಬಾಣ ಬೇಡ್ವಾ? ಯಾವ ಕೆಲಸ, ಅದರಲ್ಲಿ ಏನು ಚೆನ್ನಾಗಿತ್ತು, ನಿನಗೆ ಹೇಗೆ ಉಪಯೋಗ ಆಯ್ತು ಅಂತ?”

ಅವಳು ಕಣ್ಣೊರೆಸಿಕೊಂಡಳು.

“ಇನ್ನೊಂದು ಕೇಳ್ತೀನಿ. ಅಂಗಿ ಪಾಸೋ ಫೇಲೋ ಅಂತ ಹೇಳೋಕೆ ಮುಂಚೆ ಏನು ಮಾಡ್ತೀಯ?”

“ಒಳಗೆ ತಿರುಗಿಸಿ ನೋಡ್ತೀನಿ. ಹೊರಗಡೆ ಯಾರು ಬೇಕಾದ್ರೂ ನೋಡ್ತಾರೆ. ಕೈಗುಣ ಕಾಣೋದು ಒಳಮಗ್ಗುಲಲ್ಲೇ.”

“ಸ್ವೆಟರ್ ತಿರುಗಿಸಿ ನೋಡಿದ್ಯಾ?”

ಚೆಕ್ಕರಮ್ಮ ದಡದಡನೆ ಮೆಟ್ಟಿಲು ಹತ್ತಿದಳು. ದಿನಕ್ಕೆ ಐದಾರು ನೂರು ಅಂಗಿ ತಿರುಗಿಸುವವಳು ಮನೆಯ ಒಂದು ಸ್ವೆಟರನ್ನು ತಿರುಗಿಸಿರಲಿಲ್ಲ.

ನಾನೂ ಅವಳ ಹಿಂದೆಯೇ ಮೇಲೆ ಹೋದೆ. ಅತ್ತೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದರು. ಸ್ವೆಟರ್ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅವಳು ದೀಪ ಹಾಕಿ, ತೋಳನ್ನು ಒಳಗಿನಿಂದ ಹೊರಗೆ ಎಳೆದು, ಬೆರಳು ಆಡಿಸಿದಳು. ಒಮ್ಮೆ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು.

“ಗಂಟೇ ಇಲ್ಲ,” ಎಂದಳು. “ಒಂದೂ ಗಂಟಿಲ್ಲ ನರ್ಸಕ್ಕ! ದಾರದ ತುದೀನ ಹೆಣಿಗೆ ಒಳಗೇ ತೂರಿಸಿ ತೂರಿಸಿ ಮುಚ್ಚಿದ್ದಾರೆ. ಆ ಕಣ್ಣಲ್ಲಿ! ನಮ್ಮ ಕಾರ್ಖಾನೇಲಿ ಇಂಥ ಕೈ ಒಬ್ಬರಿಗೂ ಇಲ್ಲ.”

ಆಮೇಲೆ ದಾರವನ್ನು ಉಗುರಿನಲ್ಲಿ ಸ್ವಲ್ಪ ಎತ್ತಿ ನೋಡಿದಳು. “ಇದು ಅಂಗಡಿ ದಾರ ಅಲ್ಲ. ಸುರುಳಿ ಸುರುಳಿ ಇದೆ. ಯಾವುದೋ ಹೆಣಿಗೆ ಬಿಚ್ಚಿ ತೆಗೆದಿದ್ದು.” ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಟ್ರಂಕಿನ ಕಡೆ ಹೋಯಿತು. ಅದರ ಮೇಲೆ ಪ್ರಯಾಣಕ್ಕೆಂದು ಅತ್ತೆ ತಮ್ಮ ಕಂದು ಸ್ವೆಟರ್ ಮಡಚಿ ಇಟ್ಟಿದ್ದರು. ಬಿಡಿಸಿದಳು. ಕೆಳಗಿನ ಅಂಚು ಮೂರು ಬೆರಳಿನಷ್ಟು ಕಡಿಮೆಯಾಗಿತ್ತು. ಬಿಚ್ಚಿದ ಜಾಗವನ್ನು ನೀಟಾಗಿ ಹೊಲಿದು ಮುಗಿಸಿದ್ದರು. ಆ ಚಳಿಯಲ್ಲಿ ತಮ್ಮ ಸೊಂಟ ಬೆಚ್ಚಗಿಡುವ ಅಂಚನ್ನೇ ಬಿಚ್ಚಿ ಮೊಮ್ಮಗಳ ಮೊಣಕೈಗೆ ಹಾಕಿದ್ದರು ಆ ತಾಯಿ.

ಅತ್ತೆ ಬಟ್ಟೆಯ ಹೊರೆ ಹೊತ್ತು ಒಳಗೆ ಬಂದರು. ಸೊಸೆಯ ಕೈಯಲ್ಲಿ ಸ್ವೆಟರ್ ಕಂಡು ಮುಖ ಗಂಟಿಕ್ಕಿದರು. “ಇನ್ನೆಲ್ಲಿದೆಯಮ್ಮಾ ತಪ್ಪು?”

“ಅತ್ತೆ, ಒಳಗಡೆ ಒಂದೂ ಗಂಟಿಲ್ಲ.”

ಅತ್ತೆ ಹೊರೆಯನ್ನು ಮೆಲ್ಲಗೆ ಮಂಚದ ಮೇಲಿಟ್ಟರು. “ಗಂಟು ಹಾಕಿದ್ರೆ ಚುಚ್ಚುತ್ತೆ. ಮಗು ಡೆಸ್ಕ್ ಮೇಲೆ ಮೊಣಕೈ ಊರಿ ಬರೀಬೇಕಲ್ಲ.”

“ದಾರ ನಿಮ್ಮ ಸ್ವೆಟರಿಂದು.”

“ನೀಲಿ ಎಲ್ಲೂ ಸಿಗಲಿಲ್ಲ. ನನಗ್ಯಾಕೆ ಅಷ್ಟುದ್ದ ಸ್ವೆಟರ್?”

“ನಾನು ಬಣ್ಣ ನೋಡಿದೆ. ದಾರ ಎಲ್ಲಿಂದ ಬಂತು ಅಂತ ನೋಡಲಿಲ್ಲ,” ಎಂದಳು ಚೆಕ್ಕರಮ್ಮ. “ಮಗು ಎರಡು ದಿನದಿಂದ ಇದನ್ನ ಹಾಕ್ಕೊಂಡು ಬೆಚ್ಚಗೆ ಸ್ಕೂಲಿಗೆ ಹೋಗಿದೆ. ನಾನು ನೆಮ್ಮದಿಯಾಗಿ ಕೆಲಸಕ್ಕೆ ಹೋಗಿದ್ದೀನಿ. ಅದು ನಿಮ್ಮಿಂದ ಅತ್ತೆ.” ಬ್ಯಾಗಿನಿಂದ ಒಂದು ಬಾಣ ಕಿತ್ತು ತನ್ನ ಎದೆಗೇ ಅಂಟಿಸಿಕೊಂಡಳು. “ವಾಪಸ್ ಕಳಿಸ್ಬೇಕಾದ ಪೀಸ್ ಇದು.”

ಅತ್ತೆ ಹತ್ತಿರ ಬಂದರು. ಆಮೇಲೆ ಆ ಬಾಣವನ್ನು ತಾವೇ ಕಿತ್ತು ತೆಗೆದರು. “ಹೋಗೇ, ಹುಚ್ಚಿ. ಐವತ್ತು ವರ್ಷದಿಂದ ಹೊಲೀತಿದ್ದೀನಿ. ನನ್ನ ಹೊಲಿಗೆನ ಒಳಗೆ ತಿರುಗಿಸಿ ನೋಡಿದವಳು ನೀನೊಬ್ಬಳೇ ಕಣೇ.” ಸೊಸೆಯ ಕಾಲಿನ ಕಡೆ ನೋಡಿ ಮತ್ತೆ ಹೇಳಿದರು: “ಸಂಜೆ ನೀನು ಬರುವಾಗ ಕಾಲು ಊದಿರುತ್ತೆ. ನಾನೂ ದಿನಾ ನೋಡ್ತೀನಿ. ಒಂದು ದಿನವಾದ್ರೂ, ‘ಎಷ್ಟು ನಿಂತ್ಯಮ್ಮಾ ಇವತ್ತು’ ಅಂತ ಕೇಳಿಲ್ಲ. ಕೂತ್ಕೋ. ಬಿಸಿನೀರು ತರ್ತೀನಿ.”

ನನಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ಕಣ್ಣೊರೆಸಿಕೊಂಡು ಕೆಳಗಿಳಿದೆ.

ಭಾನುವಾರ ಎಂಟರ ಬಸ್ಸಿಗೆ ಅತ್ತೆ ಹೊರಟಿದ್ದು ನಿಜ, ಅವರ ಮಗಳು ಅಲ್ಲಿ ಕಾಯುತ್ತಿದ್ದಳಲ್ಲ. ಆದರೆ ಟ್ರಂಕು ಮಂಚದ ಕೆಳಗೆ ಸೇರಿತ್ತು. ಕೈಯಲ್ಲಿದ್ದದ್ದು ಒಂದು ಚಿಕ್ಕ ಚೀಲ. ಗುರುವಾರ ಬೆಳಿಗ್ಗೆ ಹೊತ್ತಿಗೆ ವಾಪಸ್ ಬಂದು, ಮೊಮ್ಮಗಳ ತಲೆ ಬಾಚುತ್ತಾ ಕಿಟಕಿ ಹತ್ತಿರ ಕುಳಿತಿದ್ದರು.

ಈಗಲೂ ಆ ಮನೆಯಲ್ಲಿ ಬಾಣಗಳಿವೆ. ಆದರೆ ಅಂಟುವುದು ಬೇರೆ ಕಡೆ. ಮಗಳ ಪುಸ್ತಕದಲ್ಲಿ ನೆಟ್ಟಗೆ ನಿಂತ ಅಕ್ಷರದ ಪಕ್ಕ ಒಂದು. ಗಂಡ ರಿಪೇರಿ ಮಾಡಿದ, ಕಿರುಗುಟ್ಟದ ಬಾಗಿಲಿನ ಮೇಲೆ ಒಂದು. “ರಿಜೆಕ್ಟ್ ಪೀಸ್ ಪಾಸಾಯ್ತು ನರ್ಸಕ್ಕ!” ಎಂದು ಅವನು ಬೀದಿಗೆಲ್ಲ ಸಾರಿದ. ತಪ್ಪಿದ್ದರೆ ಚೆಕ್ಕರಮ್ಮ ಈಗಲೂ ಹೇಳುತ್ತಾಳೆ, ಆದರೆ ಬಾಯಿ ಬಿಟ್ಟು, ಎದುರಿಗೆ ಕುಳಿತು. ಹೇಳಲೇಬೇಕು. ಒಳ್ಳೆಯದನ್ನು ಕಾಣುವುದೆಂದರೆ ಅನ್ಯಾಯಕ್ಕೆ ಕಣ್ಣು ಮುಚ್ಚುವುದಲ್ಲ. ತಲೆನೋವಿಗೆ ಡಾಕ್ಟರು ಕನ್ನಡಕ ಬರೆದುಕೊಟ್ಟಿದ್ದಾರೆ. ನಿದ್ದೆಯ ಮುಖವನ್ನೂ ಆಗಾಗ ನೋಡುತ್ತಿದ್ದಾಳಂತೆ.

ಇನ್ನು ನನ್ನ ಕಥೆ. ಮೊನ್ನೆ ನೀರು ಬಿಡುವವನು ಸೈಕಲ್ಲಿನಲ್ಲಿ ಹೋಗುತ್ತಿದ್ದ. ತಡೆದು ನಿಲ್ಲಿಸಿದೆ. ಪಾಪ, ಅವನ ಮುಖ ಬಿಳಿಚಿಕೊಂಡಿತು. “ಏನಾಯ್ತಮ್ಮಾ? ನೀರು ಬರಲಿಲ್ವಾ?”

“ಬಂತಪ್ಪ. ಈ ವಾರ ಒಂದು ದಿನವೂ ತಪ್ಪದೆ ಆರಕ್ಕೇ ಬಂತು. ನಾನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದೆ. ಅದನ್ನ ಹೇಳೋಣ ಅಂತ ನಿಲ್ಲಿಸಿದೆ.”

ಅವನು ಒಂದು ಕಾಲು ನೆಲಕ್ಕೆ ಊರಿ ನಿಂತೇ ಇದ್ದ. “ಹದಿನಾಲ್ಕು ವರ್ಷ ಆಯ್ತಮ್ಮ ಈ ಕೆಲಸಕ್ಕೆ,” ಎಂದ. “ನೀರು ಬಂತು ಅಂತ ಹೇಳೋಕೆ ಯಾರೂ ನಿಲ್ಲಿಸಿರಲಿಲ್ಲ.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹದಿನಾಲ್ಕು ವರ್ಷದಿಂದ ನೀರು ಬಿಡುತ್ತಿರಬಹುದು. ಇವತ್ತು ಅವರು ಮಾಡಿದ ಒಂದೇ ಒಂದು ಕೆಲಸವನ್ನು ಎತ್ತಿಕೊಳ್ಳಿ. ಒಳಗೆ ತಿರುಗಿಸಿ ನೋಡಿ. ಏನು ಕಂಡಿತೋ ಅದನ್ನು ಅವರ ಮುಖ ನೋಡಿ ಹೇಳಿ. ನಾಳೆಗೆ ಇಡಬೇಡಿ. ಅವರು ಟ್ರಂಕಿಗೆ ಕೈ ಹಾಕುವ ಮುಂಚೆ, ಇವತ್ತೇ ಹೇಳಿ.