ಹಾರುವ ಮುನ್ನ ಹೇಳಿದವಳು

ಸುಮನಾಳನ್ನು ಏನಾದರೂ ಕೇಳಿದರೆ ಉತ್ತರ ಬರಲು ತುಸು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅವಳ ದೃಷ್ಟಿ ಕೇಳಿದವರ ಭುಜದಾಚೆ ಎಲ್ಲೋ ತೇಲುತ್ತ, ನಿಶ್ಚಲವಾದ ನೀರಿನ ಮೇಲೆ ಮೋಡದ ನೆರಳು ಸರಿದಂತೆ ಏನೋ ಒಂದು ಮುಖದ ಮೇಲೆ ಸರಿದುಹೋಗಿ, ಆಮೇಲೆ ಮಾತು ಮೆಲ್ಲಗೆ, ಇಡಿಯಾಗಿ ಬರುತ್ತದೆ. ತರೀಕೆರೆಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಹೇಳುತ್ತಿದ್ದಾಗ ಮುಂದಿನ ಬೆಂಚಿನವರು ಇದನ್ನು ಕಂಡು ನಗುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ತಾಯಿಯ ಬೂದುಬಣ್ಣದ ಸ್ವೆಟರನ್ನು ಬೇಸಗೆಯಲ್ಲೂ ತೊಟ್ಟು, ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆಯಿಡುತ್ತಿದ್ದಳು.

ತಾಯಿ ವಿಶಾಲಾಕ್ಷಮ್ಮ ತೀರಿಕೊಂಡದ್ದು ಅವಳು ಪಿಯುಸಿಯಲ್ಲಿದ್ದಾಗ. ಆಮೇಲೆ ನಿದ್ರೆ ಅವಳಿಂದ ದೂರವಾಯಿತು. ತರಗತಿಯ ಬಾಗಿಲಿಗೆ ಬಂದರೆ ಉಸಿರು ಕಟ್ಟುತ್ತಿತ್ತು. ಶನಿವಾರ ಮಧ್ಯಾಹ್ನ ತರೀಕೆರೆಯಲ್ಲಿ ರೈಲು ಹತ್ತಿ ಶಿವಮೊಗ್ಗದ ಆಪ್ತಸಮಾಲೋಚಕಿಯೊಬ್ಬರ ಬಳಿಗೆ ಹೋಗತೊಡಗಿದಳು. ಮಾತ್ರೆಯಿಲ್ಲ, ಸೂಜಿಯಿಲ್ಲ, ಬರೀ ಮಾತು. ಮೊದಮೊದಲು ಅಮ್ಮ ಸೀರೆ ಮಡಚುತ್ತಿದ್ದ ರೀತಿಯನ್ನಷ್ಟೇ ಹೇಳುತ್ತಿದ್ದಳಂತೆ. ವರ್ಷ ಕಳೆಯುವ ಹೊತ್ತಿಗೆ ಸಾವನ್ನೂ ಹೇಳಿ ಮುಗಿಸಿದ್ದಳು, ನಿದ್ರೆ ಮರಳಿತು.

ಕಡೂರಿನಲ್ಲಿ ಡಿಗ್ರಿ ಮುಗಿಸಿ, ಪೈಲಟ್ ಆಗುತ್ತೇನೆಂದಳು. ಅದಕ್ಕೆ ಮೊದಲು ವೈದ್ಯರ ತಪಾಸಣೆಯಾಗಿ ಮೆಡಿಕಲ್ ಸರ್ಟಿಫಿಕೇಟ್ ಸಿಗಬೇಕು. ಮನಸ್ಸಿನ ತೊಂದರೆಗೆಂದು ಯಾರ ಬಳಿಗಾದರೂ ಹೋಗಿದ್ದುಂಟೇ ಎಂದು ಅಲ್ಲಿ ಕೇಳುತ್ತಾರೆಂದು ತಿಳಿದಾಗ, ಅಜ್ಜಂಪುರದಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ತಂದೆ ರೇಣುಕಪ್ರಸಾದ್ ಕಂಗಾಲಾದರು.

"ಮಾತಾಡಿ ಬಂದಿದ್ದನ್ನೂ ಕಾಯಿಲೆ ಅಂತಾರೆ ಕಣಮ್ಮ. ಇಲ್ಲ ಅಂದ್ಬಿಡು."

ಸಲಹೆ ಕೇಳಲೆಂದು ಅವರು ಕರೆಸಿದ್ದರಿಂದ ನಾನೂ ಅಲ್ಲೇ ಕೂತಿದ್ದೆ. ಉತ್ತರಕ್ಕೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

"ಇಲ್ಲ ಅಂದ್ರೆ ಆ ವರ್ಷಾನೇ ಇಲ್ಲ ಅಂದಂಗೆ ಅಪ್ಪಾಜಿ. ಅಮ್ಮನ್ನ ನಾನು ಕಳಿಸ್ಕೊಟ್ಟಿದ್ದೇ ಆ ವರ್ಷ."

ಬೆಂಗಳೂರಿನಲ್ಲಿ ನಡೆದ ತಪಾಸಣೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಸದ್ಯಕ್ಕೆ ಅನರ್ಹಳೆಂದು ಹಿಂದಕ್ಕೆ ಕಳಿಸಿ, ಮನೋವೈದ್ಯರ ಪರೀಕ್ಷೆಯಾಗಬೇಕೆಂದರು. ಜೊತೆಗೆ ಅರ್ಜಿ ಹಾಕಿದ್ದ ಗೆಳತಿ ಭವ್ಯ ಅಷ್ಟರಲ್ಲಿ ಹಾರತೊಡಗಿದ್ದಳು. ಸುಮನಾ ಹಗಲು ತಂದೆಯ ಮಂಡಿಯಲ್ಲಿ ಕೂತು, ಸಂಜೆ ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಳು. ಇಳಿಬಿಸಿಲಿನಲ್ಲಿ ಆಕಾಶ ಯಾವುದು, ನೀರು ಯಾವುದು ತಿಳಿಯದೆ, ದೂರದಿಂದ ನೋಡಿದವರಿಗೆ ಅವಳು ಎರಡರ ನಡುವಣ ಗೆರೆಯ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಏನಾಯ್ತೆಂದು ಕೇಳಿದವರಿಗೆಲ್ಲ ನಿಜವನ್ನೇ ಹೇಳುತ್ತಿದ್ದಳು, ಕೇಳಿದವರೇ ಮುಜುಗರಪಡುತ್ತಿದ್ದರು.

ಪರೀಕ್ಷೆಯ ದಿನ ಹಿರಿಯ ವೈದ್ಯರು, ಮನಸ್ಸು ಮತ್ತೆ ಕುಸಿದರೆ ಏನು ಮಾಡುತ್ತೀಯೆಂದು ಕೇಳಿದರಂತೆ.

"ನೆಲದ ಮೇಲಿದ್ದಾಗ್ಲೇ ಹೇಳ್ತೀನಿ ಸರ್, ಇವತ್ತು ಹಾರಲ್ಲ ಅಂತ. ಹೇಳೋದು ನಂಗೆ ಬರುತ್ತೆ."

ಕೆಲವು ವಾರಗಳ ಮೇಲೆ ಸರ್ಟಿಫಿಕೇಟ್ ಬಂತು. ಸುದ್ದಿ ಕೇಳಿ ನಾನು ಹೋದಾಗ ರೇಣುಕಪ್ರಸಾದ್ ಮಂಡಿಯ ಬಾಗಿಲನ್ನು ಅರ್ಧ ಎಳೆದು, ಮಗಳ ಕಡೆ ತಿರುಗಿ, "ನಿಮ್ಮಮ್ಮ ಇದ್ದಿದ್ರೆ..." ಎಂದರು. ಅವರ ಮಾತು ಪ್ರತಿಸಲವೂ ನಿಂತುಹೋಗುತ್ತಿದ್ದುದು ಅಲ್ಲಿಗೇ. ಅಂದು ನಿಲ್ಲಲಿಲ್ಲ. ಆಸ್ಪತ್ರೆಯ ಕಡೆಯ ದಿನಗಳನ್ನು, ಮಗಳಿಗೂ ಗೊತ್ತಿರದ ಸಂಗತಿಗಳನ್ನು, ಹೊತ್ತು ಮುಳುಗುವವರೆಗೂ ಹೇಳುತ್ತಲೇ ಹೋದರು. ಸುಮನಾ ಕೊಬ್ಬರಿ ಚೀಲಕ್ಕೆ ಒರಗಿ ಕೇಳುತ್ತ ಕೂತಿದ್ದಳು.

ದುಃಖವನ್ನು ನುಂಗಿಕೊಂಡು ಗಟ್ಟಿಗರೆನಿಸಿಕೊಂಡವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದನ್ನು ಹೆಸರು ಹಿಡಿದು ಕರೆದು, ಎದುರಿಗೆ ಕೂರಿಸಿಕೊಂಡು, ಮಾತೆಲ್ಲ ಮುಗಿದ ಮೇಲೆ ಬೀಳ್ಕೊಡಬಲ್ಲವರು ವಿರಳ. ಅಂಥವರು ಒಬ್ಬರಿದ್ದರೆ ಸಾಕು, ಆ ಮನೆಯಲ್ಲಿ ಉಳಿದವರ ನಾಲಗೆಗೂ ಧೈರ್ಯ ಬರುತ್ತದೆ.